ಪುಟದ ಅಳತೆ ಯಾರ ಕೈಯಲ್ಲಿ?

ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಗುಂಡಿಯ ಮಹಿಮೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಒಂದನ್ನು ತಿರುಗಿಸಿದರೆ ಮುಳ್ಳು ಸರಿದು ನಿಲಯ ಸಿಕ್ಕುತ್ತದೆ. ಇನ್ನೊಂದನ್ನು ತಿರುಗಿಸಿದರೆ ದನಿ ಏರುತ್ತದೆ, ಇಳಿಯುತ್ತದೆ. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದಾಗಲೂ ಹಾಗೆಯೇ. ಏನನ್ನು ಬಿತ್ತರಿಸಬೇಕೆಂಬುದು ನಿಲಯದವರ ತೀರ್ಮಾನ. ಎಷ್ಟು ದನಿಯಲ್ಲಿ ಕೇಳಬೇಕೆಂಬುದು ಮನೆಯವರದು. ಕಿವಿ ಮಂದವಾದ ಅಜ್ಜನಿಗೆ ಒಂದು ಪ್ರಮಾಣ, ತೊಟ್ಟಿಲಲ್ಲಿ ಮಗು ಮಲಗಿದ್ದರೆ ಇನ್ನೊಂದು. ಗಣಕಯಂತ್ರದ ಪರದೆಯ ಮೇಲೆ ಮೂಡುವ ಜಾಲಪುಟದಲ್ಲಿಯೂ ಇಂಥದೇ ಒಂದು ಸಣ್ಣ ಗುಂಡಿಯುಂಟು. ಬರೆಯಲು ಕೊಟ್ಟ ಚೌಕದ ಕೆಳಮೂಲೆಯಲ್ಲಿ ಎರಡು ಮೂರು ಓರೆಗೆರೆಗಳಾಗಿ ಅದು ಕಾಣುತ್ತದೆ. ಮೌಸಿನಿಂದ ಅದನ್ನು ಹಿಡಿದೆಳೆದರೆ ಚೌಕ ಹಿಗ್ಗುತ್ತದೆ, ತಳ್ಳಿದರೆ ಕುಗ್ಗುತ್ತದೆ.

ಇಷ್ಟು ಅಲ್ಪವಾದ ವಸ್ತುವಿಗೆ ಚರಿತ್ರೆಯೆ ಎಂದು ಯಾರಾದರೂ ಕೇಳಬಹುದು. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹಾದಿಯಲ್ಲಿ ಕಮಲಾಪುರವಿದೆ. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬೆಳೆ. ಗಾಳಿಗೆ ತೋಟ ಉರುಳಿತೆಂದು ಅರ್ಜಿ ಸಲ್ಲಿಸಲು ಅಲ್ಲಿಯ ರೈತರೊಬ್ಬರು ಕಲಬುರಗಿಯ ಒಂದು ಕಂಪ್ಯೂಟರ್ ಅಂಗಡಿಗೆ ಬಂದರೆನ್ನಿ. ಪರದೆಯ ಮೇಲಿನ ಚೌಕದಲ್ಲಿ ಎರಡೇ ಸಾಲು ಕಾಣುತ್ತದೆ. ಮೂರನೆಯ ಸಾಲು ಬರೆಯುವಷ್ಟರಲ್ಲಿ ಮೊದಲನೆಯದು ಮೇಲೆ ಸರಿದು ಮರೆಯಾಗುತ್ತದೆ. ಆ ಮರೆಯಾದ ಸಾಲಿನಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದ್ದರೆ ಗತಿಯೇನು? ಅಂಗಡಿಯ ಹುಡುಗ ಚೌಕದ ಮೂಲೆಯನ್ನು ಹಿಡಿದು ಕೆಳಕ್ಕೆಳೆದ ಕೂಡಲೆ ಅರ್ಜಿ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ರೈತರು ಮೊದಲಿನಿಂದ ಓದಿಸಿಕೊಂಡು ತಪ್ಪನ್ನು ತಿದ್ದಿಸುತ್ತಾರೆ. ಹೀಗೆ ಬರೆಯುವವರ ಕೈಗೆ ಬಂದಿರುವ ಈ ಹಿಡಿಯ ಹಿಂದೆ ಹಲವು ದಶಕಗಳ ಕಥೆಯಿದೆ.

ಕಥೆಯ ಆರಂಭ ಮೌಸಿನಿಂದ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಇದನ್ನು ಕಲ್ಪಿಸಿದರು. ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮರದ ಪುಟ್ಟ ಪೆಟ್ಟಿಗೆಯಾಗಿ ರಚಿಸಿದರು. ಪೆಟ್ಟಿಗೆಯ ತಳದಲ್ಲಿ ಒಂದಕ್ಕೊಂದು ಅಡ್ಡಲಾಗಿ ಎರಡು ಗಾಲಿಗಳಿದ್ದವು. ಒಂದು ಎಡಬಲದ ಚಲನೆಯನ್ನೂ ಇನ್ನೊಂದು ಹಿಂದುಮುಂದಿನ ಚಲನೆಯನ್ನೂ ಅಳೆಯುತ್ತಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಎಂಗೆಲ್‌ಬಾರ್ಟ್ ಅದನ್ನು ಬಹಿರಂಗವಾಗಿ ತೋರಿಸಿದರು. ಕಲಬುರಗಿಯ ನಿಲಯಕ್ಕೆ ಆಗಿನ್ನೂ ಎರಡು ವರ್ಷ.

1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಆಲ್ಟೋ ಎಂಬ ಯಂತ್ರ ಸಿದ್ಧವಾಯಿತು. ಮೇಜಿನ ಮೇಲೆ ಕಾಗದಗಳು ಒಂದರ ಮೇಲೊಂದು ಬಿದ್ದಿರುವಂತೆ ಪರದೆಯ ಮೇಲೆ ಹಲವು ಕಿಟಕಿಗಳನ್ನು ತೆರೆಯುವ ಏರ್ಪಾಟನ್ನು ಅಲ್ಲಿಯ ಆಲನ್ ಕೇ ಮತ್ತು ಸಂಗಡಿಗರು ರೂಪಿಸಿದರು. 1984ರಲ್ಲಿ ಬಂದ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರದಲ್ಲಿ ಕಿಟಕಿಯ ಬಲ ಕೆಳಮೂಲೆಗೆ ಒಂದು ಹಿಡಿ ಬಂತು. ಆ ಯಂತ್ರದ ನೆನಪಿನ ಶಕ್ತಿ ಕೇವಲ 128 ಕಿಲೋಬೈಟು. ಆದ್ದರಿಂದ ಎಳೆಯುವಾಗ ಕಿಟಕಿಯ ಹೊರಗೆರೆಯೊಂದೇ ಚಲಿಸುತ್ತಿತ್ತು. ಗುಂಡಿಯನ್ನು ಬಿಟ್ಟ ಮೇಲೆ ಒಳಗಿನ ಬರಹ ಹೊಸ ಅಳತೆಗೆ ಮೂಡುತ್ತಿತ್ತು.

ಇನ್ನು ಜಾಲದ ಮಾತು. ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲವನ್ನು ಲೋಕಕ್ಕೆ ತೆರೆದದ್ದು 1991ರಲ್ಲಿ. ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಮೊದಮೊದಲ ಪುಟಗಳು ಬಲು ಸರಳ. ಕಿಟಕಿ ಅಗಲವಾದರೆ ಸಾಲು ಉದ್ದವಾಗುತ್ತಿತ್ತು, ಕಿರಿದಾದರೆ ತಾನೇ ಮಡಿಚಿಕೊಳ್ಳುತ್ತಿತ್ತು. ಬರಬರುತ್ತ ಪುಟ ಕಟ್ಟುವವರಿಗೆ ಅಚ್ಚಿನ ಪುಟದಂತೆ ಎಲ್ಲವನ್ನೂ ಅಳೆದು ಕೂರಿಸುವ ಆಸೆ ಹುಟ್ಟಿತು. ಪುಟವನ್ನು ಭಾಗಗಳಾಗಿ ಒಡೆಯುವ ಚೌಕಟ್ಟುಗಳು ಬಂದಾಗ ಅವುಗಳ ನಡುವಣ ಗೆರೆಯನ್ನು ಓದುಗರು ಮೌಸಿನಿಂದ ಸರಿಸಬಹುದಾಗಿತ್ತು. ಆದರೆ 1997ರ ಡಿಸೆಂಬರಿನಲ್ಲಿ ಹೊರಟ ಎಚ್‌ಟಿಎಂಎಲ್ 4.0 ಎಂಬ ಪುಟರಚನೆಯ ನಿಯಮಾವಳಿಯಲ್ಲಿ 'ನೋರಿಸೈಜ಼್' ಎಂಬ ಪದವೂ ಇತ್ತು. ಕಟ್ಟುವವರು ಆ ಒಂದು ಪದವನ್ನು ಸೇರಿಸಿದರೆ ಗೆರೆ ಕದಲುತ್ತಿರಲಿಲ್ಲ. ಕೊಟ್ಟ ಸ್ವಾತಂತ್ರ್ಯಕ್ಕೆ ಬೀಗವೂ ಜೊತೆಯಲ್ಲಿಯೇ ಬಂದಿತ್ತು.

ಎಳೆದು ಹಿಗ್ಗಿಸುವ ಕೌಶಲ ಪುಟದೊಳಗೇ ಸಾಧ್ಯವಾದದ್ದು 1995ರಲ್ಲಿ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್ ಭಾಷೆಯಿಂದ. ಇದರ ಕ್ರಮ ಮೂರೇ ಹೆಜ್ಜೆ. ಗುಂಡಿ ಒತ್ತಿದಾಗ ಬಾಣದ ಗುರುತು ಎಲ್ಲಿದೆ, ಚೌಕದ ಅಗಲವೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳುವುದು. ಮೌಸ್ ಸರಿದಾಗಲೆಲ್ಲ ಅದು ಸರಿದ ದೂರವನ್ನು ಮೊದಲಿನ ಅಗಲಕ್ಕೆ ಕೂಡಿಸುವುದು. ಗುಂಡಿ ಬಿಟ್ಟಾಗ ನಿಲ್ಲಿಸುವುದು. ಚೌಕದ ಅಗಲ 300 ಚುಕ್ಕೆಯಾಗಿದ್ದು ಬಾಣ 500ನೆಯ ಚುಕ್ಕೆಯಿಂದ 560ಕ್ಕೆ ಹೋದರೆ ಹೊಸ ಅಗಲ 360. ಲೆಕ್ಕ ಸುಲಭ, ತೊಡಕು ಬೇರೆಡೆ. ಕೈ ಬೇಗ ಸರಿದಾಗ ಬಾಣ ಆ ಪುಟ್ಟ ಹಿಡಿಯಿಂದ ಜಾರಿಬಿಡುತ್ತದೆ. ಹಿಡಿಯ ಮೇಲಷ್ಟೇ ಕಣ್ಣಿಟ್ಟ ಯಂತ್ರಕ್ಕೆ ಕೈ ಎಲ್ಲಿ ಹೋಯಿತೆಂದೇ ತಿಳಿಯದು. ಆದ್ದರಿಂದ ಅನುಭವಸ್ಥರು ಒತ್ತುವುದನ್ನು ಮಾತ್ರ ಹಿಡಿಯ ಮೇಲೆ ಗಮನಿಸಿ, ಸರಿಯುವುದನ್ನೂ ಬಿಡುವುದನ್ನೂ ಇಡೀ ಪುಟದ ಮೇಲೆ ಗಮನಿಸುವ ಪದ್ಧತಿಯನ್ನು ಹಾಕಿಕೊಂಡರು. ಚೌಕ ಕುಗ್ಗಿ ಕಾಣದಂತಾಗಬಾರದೆಂದು ಕನಿಷ್ಠ ಅಳತೆಯನ್ನೂ ಗೊತ್ತುಮಾಡಿದರು.

ಮುಂದೆ ಈ ಶ್ರಮವನ್ನು ಬ್ರೌಸರುಗಳೇ ವಹಿಸಿಕೊಂಡವು. 2007ರಲ್ಲಿ ಸಫಾರಿಯ ಮೂರನೆಯ ಆವೃತ್ತಿಯಲ್ಲಿಯೂ 2011ರಲ್ಲಿ ಫೈರ್‌ಫಾಕ್ಸಿನ ನಾಲ್ಕನೆಯದರಲ್ಲಿಯೂ ಬರೆಯುವ ಚೌಕಕ್ಕೆ ಹಿಡಿ ತಾನಾಗಿ ಬಂತು. ಪುಟದ ಅಂದವನ್ನು ನಿರ್ದೇಶಿಸುವ ಸಿಎಸ್‌ಎಸ್ ನಿಯಮಗಳಲ್ಲಿ 'ರಿಸೈಜ಼್' ಎಂಬ ಗುಣಕ್ಕೆ 2018ರಲ್ಲಿ ಪೂರ್ಣ ಮನ್ನಣೆ ದೊರೆಯಿತು. ಒಂದೇ ಸಾಲಿನ ಆಜ್ಞೆಯಿಂದ ಚೌಕವನ್ನು ಉದ್ದಕ್ಕೆ, ಅಡ್ಡಕ್ಕೆ ಅಥವಾ ಎರಡೂ ಕಡೆಗೆ ಹಿಗ್ಗುವಂತೆ ಮಾಡಬಹುದು, ಹಿಗ್ಗದಂತೆಯೂ ಮಾಡಬಹುದು. ಪುಟದ ಚೆಲುವು ಕೆಡುತ್ತದೆಂದು ಹಿಡಿಯನ್ನೇ ತೆಗೆದುಹಾಕುವವರಿಗೆ ಕೊರತೆಯಿಲ್ಲ.

ಇದರ ಪೆಟ್ಟು ಕನ್ನಡಕ್ಕೆ ತುಸು ಹೆಚ್ಚಾಗಿಯೇ ತಗಲುತ್ತದೆ. ನಮ್ಮಲ್ಲಿ ಪ್ರತ್ಯಯಗಳು ಸೇರಿ ಪದ ನೀಳವಾಗುತ್ತದೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. 1991ರಲ್ಲಿಯೇ ಯೂನಿಕೋಡ್ ಕನ್ನಡ ಅಕ್ಷರಗಳಿಗೆ ಸಂಖ್ಯೆಗಳನ್ನು ಕೊಟ್ಟಿತು, ನಿಜ. ಆದರೆ ಇಂಗ್ಲಿಷಿನ ಅಳತೆಗೆ ಕಟ್ಟಿದ ಚೌಕದಲ್ಲಿ ಒತ್ತಿನ ಬುಡ ಕತ್ತರಿಸಿಹೋದರೆ ಆ ಸಂಖ್ಯೆಯಿಂದ ಓದುವವರಿಗೆ ಬಂದ ಭಾಗ್ಯವೇನು?

ಹಿಡಿಯನ್ನು ಕೊಟ್ಟಮಾತ್ರಕ್ಕೆ ಹೊಣೆ ತೀರಿತೆಂದೂ ತಿಳಿಯಬಾರದು. ಒತ್ತಿ ಹಿಡಿದು ಎಳೆಯಲು ಸ್ಥಿರವಾದ ಕೈ ಬೇಕು. ಕೈ ನಡುಗುವವರಿಗೆ ಅದು ಕಷ್ಟ. ಇದನ್ನು ಮನಗಂಡು, 2023ರ ಅಕ್ಟೋಬರಿನಲ್ಲಿ ಪ್ರಕಟವಾದ ಸುಗಮ ಬಳಕೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ, ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಒತ್ತಿ ಮಾಡುವ ಇನ್ನೊಂದು ದಾರಿಯನ್ನೂ ಇರಿಸಬೇಕೆಂದು ವಿಧಿಸಿದೆ. ಬೆರಳಿನಿಂದ ಮುಟ್ಟುವ ಫೋನುಗಳಲ್ಲಿ ಮೂಲೆಯ ಹಿಡಿ ಎಷ್ಟೋ ಕಡೆ ಕಾಣುವುದೇ ಇಲ್ಲ. ಅಲ್ಲಿ ಬರಹ ಬೆಳೆದಂತೆ ಚೌಕವೂ ತಾನಾಗಿ ಬೆಳೆಯುವಂತೆ ರಚಿಸುವುದು ಲೇಸು.

ಪುಟ ಕಟ್ಟುವ ತರುಣರು ಕಲಬುರಗಿಯಲ್ಲಿಯೂ ಇದ್ದಾರೆ. ಆ ವಿದ್ಯೆ ಕಲಿಯುವ ಮಕ್ಕಳು ತಮ್ಮ ಮನೆಯಲ್ಲಿದ್ದರೆ ಕಮಲಾಪುರದ ಆ ಅರ್ಜಿಯ ಸಂಗತಿಯನ್ನು ಅವರಿಗೆ ಹೇಳಿ. ಅಳತೆಯನ್ನು ಗೊತ್ತುಮಾಡುವ ಮೊದಲು ಚೌಕದೊಳಗೆ ಬರೆಯುವವರು ಯಾರು, ಯಾವ ಭಾಷೆಯಲ್ಲಿ ಬರೆಯುವರು, ಬರೆದದ್ದು ಅವರಿಗೆ ಪೂರ್ತಿ ಕಾಣುವುದೆ ಎಂದು ಅವರು ಒಮ್ಮೆ ಕೇಳಿಕೊಳ್ಳಲಿ.