ಚಳಿಗಾಲ ತಂದ ಕತ್ತರಿ

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಸೇಬು ಬೆಳೀತಿತ್ತು ಅಂದ್ರೆ ನಂಬ್ತೀರಾ? ಲಾಲ್‌ಬಾಗಿನ ಪ್ರದರ್ಶನಕ್ಕೆ ಲಾರಿಯಲ್ಲಿ ತಂದಿಟ್ಟಿದ್ದಲ್ಲ ಸ್ವಾಮೀ, ಇಲ್ಲೇ ನಮ್ಮ ಕೆಂಪು ಮಣ್ಣಲ್ಲಿ ಬೇರು ಬಿಟ್ಟ ಮರದ ಹಣ್ಣು. ತಳಿಯ ಹೆಸರು ರೋಮ್ ಬ್ಯೂಟಿ. ಇಟಲಿಯ ರೋಮ್ ಅಲ್ಲ, ಅಮೆರಿಕದ ಓಹಾಯೋ ರಾಜ್ಯದಲ್ಲಿರೋ ರೋಮ್ ಎಂಬ ಊರು :-)

ಈ ಕಥೆಗೆ ಮೊದಲು ಸ್ವಲ್ಪ ದಂಡು ಪ್ರದೇಶದ ಇತಿಹಾಸ ಬೇಕು. 1809ರಲ್ಲಿ ಬ್ರಿಟಿಷರು ಇಲ್ಲಿ ಕಂಟೋನ್ಮೆಂಟ್ ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ತಮ್ಮ ಕೈಯಲ್ಲೇ ಉಳಿಸಿಕೊಂಡರು. 1898ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಾದ ಕೇರಿಗಳಲ್ಲಿ ಜನ ಸಾಯತೊಡಗಿದ ಮೇಲೆ ಗಾಳಿ ಬೆಳಕು ಇರುವ ಹೊಸ ಬಡಾವಣೆಗಳ ಯೋಚನೆ ಹುಟ್ಟಿತು. ಆಗಿನ ರೆಸಿಡೆಂಟ್ ಸ್ಟುವರ್ಟ್ ಫ್ರೇಸರ್ ಹೆಸರಿನಲ್ಲಿ 1906ರಲ್ಲಿ ಫ್ರೇಸರ್ ಟೌನ್ ಶುರುವಾಯಿತು. ಕುಕ್ ಟೌನ್, ರಿಚರ್ಡ್ಸ್ ಟೌನ್ ಕೂಡ ಅದೇ ಮಾದರಿಯವು. ನಡುವೆ ಮನೆ, ಸುತ್ತ ಕಾಂಪೌಂಡು, ಕಾಂಪೌಂಡಿನೊಳಗೆ ಹಣ್ಣಿನ ಮರಗಳು. ಈಗಿನ ಸರ್ವಜ್ಞನಗರದ ಹಳೇ ರಸ್ತೆಗಳಲ್ಲಿ ನಡೆದರೆ ಅಲ್ಲೊಂದು ಇಲ್ಲೊಂದು ಅಂಥ ಮನೆ ಇನ್ನೂ ಸಿಗುತ್ತೆ.

ಹೊಸ ಹೊಸ ಗಿಡ ಬರುತ್ತಿದ್ದದ್ದು ಲಾಲ್‌ಬಾಗಿನಿಂದ. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್, ಅವರ ನಂತರ 1932ರವರೆಗೆ ಜರ್ಮನಿಯ ಕ್ರುಂಬಿಗಲ್ ಅದನ್ನು ನೋಡಿಕೊಂಡರು. ನಾವು ಸಾಂಬಾರಿಗೆ ಹಾಕೋ ಸೀಮೆಬದನೆಕಾಯಿ ಇಲ್ಲಿಗೆ ಬಂದದ್ದೂ ಕ್ಯಾಮರಾನ್ ಕಾಲದಲ್ಲೇ. ಸೇಬೂ ಹಾಗೇ ಬಂದ ಅತಿಥಿ.

ಆದರೆ ಒಂದು ತೊಡಕಿತ್ತು. ಸೇಬಿನ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಬೇಕು. ಸಾಮಾನ್ಯ ತಳಿಗಳಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ 800ರಿಂದ 1000 ಗಂಟೆ ಕಳೆಯಬೇಕು. ಆಗಲೇ ಮೊಗ್ಗು ಸರಿಯಾಗಿ ಒಡೆಯೋದು. ನಮ್ಮ ಬೆಂಗಳೂರಿನ ದಾಖಲೆ ಏನು ಗೊತ್ತಾ? ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಅಂದ್ರೆ ಸಾವಿರ ಗಂಟೆ ಬಿಡಿ, ಲೆಕ್ಕಕ್ಕೆ ಒಂದು ಗಂಟೆಯೂ ಸಿಗೋಲ್ಲ!

ಹಾಗಾದರೆ ಹಣ್ಣು ಬಿಟ್ಟಿದ್ದು ಹೇಗೆ? ಚಳಿಗಾಲ ಇಲ್ಲದಿದ್ದರೆ ಮಾಲಿಯೇ ಚಳಿಗಾಲ ತರುತ್ತಿದ್ದ. ದಕ್ಷಿಣದ ಹಳೇ ತೋಟಗಾರಿಕೆಯಲ್ಲಿ ಇದಕ್ಕೊಂದು ಕ್ರಮ ಇತ್ತು. ನೀರು ನಿಲ್ಲಿಸೋದು, ಬುಡದ ಮಣ್ಣು ಬಿಡಿಸಿ ಬೇರಿಗೆ ಗಾಳಿ ತೋರಿಸೋದು, ಎಲೆ ಕಿತ್ತು ಕೊಂಬೆ ಸವರೋದು. ಆಮೇಲೆ ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ನೀರು ಬಿಡೋದು. ಮೊಗ್ಗನ್ನು ತಡೆದಿಟ್ಟಿರೋದರಲ್ಲಿ ಎಲೆಗಳದ್ದೂ ಪಾಲಿದೆ. ಮೊಗ್ಗು ಗಾಢ ನಿದ್ದೆಗೆ ಜಾರುವ ಮುಂಚೆಯೇ ಎಲೆ ತೆಗೆದುಬಿಟ್ಟರೆ ಅದು ನಿದ್ದೆಯನ್ನೇ ಬಿಟ್ಟು ಚಿಗುರುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ವರ್ಕ್‌ಅರೌಂಡ್!

ಇದು ಕಟ್ಟುಕಥೆ ಅನ್ನಿಸಿದರೆ ಇಂಡೋನೇಷ್ಯಾ ಕಡೆ ನೋಡಿ. ಪೂರ್ವ ಜಾವಾದ ಬಾಟು ಎಂಬ ಊರಲ್ಲಿ ಇದೇ ರೋಮ್ ಬ್ಯೂಟಿ ಮರಗಳ ಎಲೆಯನ್ನು ಕೈಯಿಂದ ಕಿತ್ತು ವರ್ಷಕ್ಕೆರಡು ಬೆಳೆ ತೆಗೆಯುವ ಪದ್ಧತಿ ಈಗಲೂ ಇದೆ. ನಮ್ಮಲ್ಲಿ ಆ ಮರಗಳು ಹೋದವು. ಕಾಂಪೌಂಡು ಸೈಟಾಯಿತು, ಸೈಟು ಅಪಾರ್ಟ್‌ಮೆಂಟಾಯಿತು.

ನನಗೆ ಬೇಜಾರಾಗೋದು ಸೇಬು ಹೋಯಿತಲ್ಲ ಅಂತ ಅಲ್ಲ, ಬಿಡಿ. ಸೇಬು ಕಾಶ್ಮೀರದಿಂದ ಬರುತ್ತೆ. ಹೋದದ್ದು ಆ ಕೈ. ಕ್ಯಾಮರಾನ್ ಹೆಸರು ಪುಸ್ತಕದಲ್ಲಿದೆ, ಕ್ರುಂಬಿಗಲ್ ಹೆಸರಲ್ಲಿ ರಸ್ತೆಯೇ ಇದೆ. ಮರ ಹತ್ತಿ ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕು ಅಂತ ತೀರ್ಮಾನ ಮಾಡಿದ ಮಾಲಿಯ ಹೆಸರು ಯಾವ ಪುಟದಲ್ಲಿದೆ? ಈ ಊರಿನ ತೋಟಗಾರಿಕೆಯಲ್ಲಿ ತಲೆತಲಾಂತರದಿಂದ ದುಡಿದ ತಿಗಳರನ್ನು ನಾವು ನೆನೆಯೋದು ಕರಗದ ರಾತ್ರಿ ಮಾತ್ರ.

ಆ ಕೈ ಇಲ್ಲದ್ದರ ಪರಿಣಾಮ ಇವತ್ತು ಉಳಿದಿರೋ ಮಾವು, ಹಲಸು, ಬೆಣ್ಣೆಹಣ್ಣಿನ ಮರಗಳ ಮೇಲೆ ಕಾಣುತ್ತೆ. ತಂತಿಗೆ ತಾಗಿತು ಅಂತ ಮಚ್ಚು ತಗೊಂಡು ನೆತ್ತಿಯನ್ನೇ ಹಾರಿಸುತ್ತಾರೆ. ಮರ ಗಾಬರಿಯಿಂದ ಹತ್ತಾರು ಸಪೂರ ಚಿಗುರು ಎಬ್ಬಿಸುತ್ತೆ. ಅವು ಗಟ್ಟಿ ಹಿಡಿತ ಇಲ್ಲದೆ ಗಾಳಿಗೆ ಮುರಿದು ಬೀಳುತ್ತವೆ. ಆಗ "ಈ ಮರ ಅಪಾಯ, ತೆಗೆಸಿಬಿಡಿ" ಅನ್ನೋ ಮಾತು ಶುರು.

ಸೇಬಿನ ಪಾಠ ಇಲ್ಲೂ ಅನ್ವಯಿಸುತ್ತೆ: ಕತ್ತರಿ ಎತ್ತುವ ಮುಂಚೆ ಮರದ ಕ್ಯಾಲೆಂಡರ್ ಗೊತ್ತಿರಬೇಕು. ಮಾವು ಹೂ ಬಿಡೋದು ಬಲಿತ ರೆಂಬೆಯ ತುದಿಯಲ್ಲಿ. ಹಣ್ಣು ಇಳಿಸಿದ ಕೂಡಲೇ, ಜೂನ್-ಜುಲೈ ಹೊತ್ತಿಗೆ ಸವರಿದರೆ ಹೊಸ ಚಿಗುರು ಬಲಿಯಲು ಸಮಯ ಸಿಗುತ್ತೆ. ಡಿಸೆಂಬರಿನಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಮೊದಲು ಒಣಗಿದ್ದು, ರೋಗ ಬಂದದ್ದು, ಒಂದಕ್ಕೊಂದು ಉಜ್ಜೋದು ತೆಗೆಯಿರಿ. ನಡುನೆತ್ತಿಗೆ ಬಿಸಿಲು ಬೀಳಲಿ. ಒಂದು ವರ್ಷಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ದಪ್ಪ ಕೊಂಬೆಗೆ ಮೊದಲು ಅಡಿಯಿಂದ ಗರಗಸ ಹಾಕಿ, ಇಲ್ಲದಿದ್ದರೆ ತೊಗಟೆ ಸೀಳಿಕೊಂಡು ಬರುತ್ತೆ. ಕಾಂಡಕ್ಕೆ ಸಮನಾಗಿ ನುಣ್ಣಗೆ ಕತ್ತರಿಸಿ ಟಾರು ಬಳಿಯೋ ಹಳೇ ಅಭ್ಯಾಸವೂ ತಪ್ಪು. ಕೊಂಬೆಯ ಬುಡದಲ್ಲಿ ಉಬ್ಬಿದ ಉಂಗುರ ಇರುತ್ತಲ್ಲ, ಅದನ್ನು ಉಳಿಸಬೇಕು. ಗಾಯ ಮುಚ್ಚೋದು ಅಲ್ಲಿಂದಲೇ ಅಂತ ಅಮೆರಿಕದ ಅಲೆಕ್ಸ್ ಶೈಗೋ ಸಾವಿರಾರು ಮರ ಸೀಳಿ ನೋಡಿ ತೋರಿಸಿಕೊಟ್ಟರು. ಅಂದ ಹಾಗೆ, 1976ರ ಮರ ಸಂರಕ್ಷಣಾ ಕಾಯಿದೆ ಇದೆ. ದೊಡ್ಡ ಕೊಂಬೆಗೆ ಕೈ ಹಾಕೋ ಮುಂಚೆ ವೃಕ್ಷಾಧಿಕಾರಿಗಳನ್ನು ವಿಚಾರಿಸೋದು ಒಳ್ಳೇದು.

ನಿಮ್ಮ ಬೀದಿಯಲ್ಲಿ ಮರ ಹತ್ತಿ ಸವರಬಲ್ಲ ಹಿರಿಯ ಮಾಲಿ ಯಾರಾದರೂ ಇದ್ದಾರಾ? ಇದ್ದರೆ ಈ ಜುಲೈ ತಿಂಗಳಲ್ಲಿ ಮರದ ಕೆಳಗೆ ನಿಂತು ಅವರು ಮಾಡೋದನ್ನ ನೋಡಿ, ಕೇಳಿ, ಬರೆದಿಡಿ. ಅವರ ಹೆಸರನ್ನೂ ಸೇರಿಸಿ.