ಹಾಡುಗಳ ವಿಂಗಡಣೆ: ಒಂದು ಚಾರಿತ್ರಿಕ ವಿಚಾರ

ಹಾಡುಗಳನ್ನು ಕೂಡಿಡುವುದಕ್ಕಿಂತಲೂ ಕೂಡಿಟ್ಟವನ್ನು ವಿಂಗಡಿಸುವುದು ಕಷ್ಟತರವಾದ ಕೆಲಸ. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಗ್ರಾಮಫೋನು ತಟ್ಟೆಗಳೂ, ಕ್ಯಾಸೆಟ್ಟುಗಳೂ, ಮದುವೆ ಹಬ್ಬಗಳಲ್ಲಿ ಮನೆಯವರೇ ಹಿಡಿದಿಟ್ಟ ಧ್ವನಿಮುದ್ರಣಗಳೂ ಪೆಟ್ಟಿಗೆಗಳಲ್ಲಿ ಉಳಿದಿವೆ. ಈಚೆಗೆ ಅವುಗಳನ್ನು ಗಣಕಯಂತ್ರಕ್ಕೆ ಏರಿಸುವ ಉತ್ಸಾಹವೂ ಕಂಡುಬರುತ್ತಿದೆ. ಹಾಗೆ ಏರಿಸುವಾಗ ಪ್ರತಿಯೊಂದು ಹಾಡಿನ ಪ್ರಕಾರವಾವುದೆಂದು ಯಂತ್ರವು ಕೇಳುವುದು. ನಾವು ‘ಜಾನಪದ’ವೆಂಬ ಒಂದೇ ಮಾತನ್ನು ಬರೆದು ಮುಂದಕ್ಕೆ ಸಾಗುವೆವು. ಈ ಒಂದು ಮಾತಿನ ಅಡಿಯಲ್ಲಿ ಎಷ್ಟು ಸಂಗತಿಗಳು ಮುಚ್ಚಿಹೋಗುವುವೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಹಾಡುಗಳನ್ನು ವರ್ಗಮಾಡುವ ಪದ್ಧತಿಯು ನಮಗೆ ಹೊಸದಲ್ಲ. ೧೧೨೬ರಿಂದ ೧೧೩೮ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಈ ವಿಷಯವನ್ನು ಎತ್ತಿದ್ದಾನೆ. ಕಥೆ ಹೇಳುವುದಕ್ಕೆ ಷಟ್ಪದಿ, ವಿವಾಹಕ್ಕೆ ಧವಳ, ಉತ್ಸವಕ್ಕೆ ಮಂಗಳ, ಯೋಗಿಗಳಿಗೆ ಚರ್ಯೆ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ ಎಂದು ಅವನು ಹೇಳುತ್ತಾನೆ. ಹಾಡಿಗೆ ಹೆಸರು ಹೇಳಿದೊಡನೆಯೇ, ಅದನ್ನು ಯಾರು, ಯಾವ ಸಂದರ್ಭದಲ್ಲಿ ಹಾಡುವರೆಂಬುದನ್ನೂ ಅವನು ಕೂಡಿಸಿರುವುದು ಗಮನಾರ್ಹವಾದುದು.

ನಮ್ಮ ಹಳ್ಳಿಗಳ ರೂಢಿಯೂ ಇದೇ ಆಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸುತ್ತಿನ ಜನರ ನಾಲಗೆಯಲ್ಲಿ ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಜೋಗುಳ, ಕೋಲಾಟದ ಪದ ಎಂಬ ಹೆಸರುಗಳಿವೆ. ಇವು ಕೆಲಸದಿಂದಲೋ ಸಂದರ್ಭದಿಂದಲೋ ಬಂದವು. ಬೇರೆ ಕೆಲವಕ್ಕೆ ವಾದ್ಯವೇ ಹೆಸರನ್ನು ಕೊಟ್ಟಿತು; ಕಂಸಾಳೆಯ ಪದ, ಚೌಡಿಕೆಯ ಪದ, ತಂಬೂರಿಯ ಪದ ಎಂಬಿವು ಅಂಥವು. ವಾದ್ಯದ ವಿಚಾರ ಬಂದುದರಿಂದ ಒಂದು ಮಾತು: ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಒಂದು ಕಾಲದಲ್ಲಿ ಚನ್ನಪಟ್ಟಣದಲ್ಲಿಯೇ ಎಳೆಯುತ್ತಿದ್ದರು, ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇದನ್ನು ಬರೆದಿಟ್ಟಿದ್ದಾನೆ. ಇನ್ನು ಒಳಪ್ರಕಾರಗಳು. ನೆರೆಯ ಮಳವಳ್ಳಿ, ಕೊಳ್ಳೇಗಾಲದ ಕಡೆಗಳಲ್ಲಿ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ಮಂಟೇಸ್ವಾಮಿಯ ಕಥೆಯನ್ನೂ, ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಥೆಯನ್ನೂ ಹಾಡುವರು. ಅಷ್ಟು ದೀರ್ಘವಾದ ಕಾವ್ಯಗಳನ್ನು ಹಾಡುವವರೇ ‘ಸಾಲು’ಗಳಾಗಿ ವಿಭಾಗಿಸಿಕೊಂಡಿದ್ದಾರೆ. ಕಲ್ಯಾಣದ ಸಾಲು, ಸಂಕಮ್ಮನ ಸಾಲು ಎಂಬುವು ವಿದ್ವಾಂಸರು ಇಟ್ಟ ಹೆಸರುಗಳಲ್ಲ, ಗಾಯಕರ ಮಾತುಗಳು.

ಹಾಡು ಅಚ್ಚಿಗೆ ಇಳಿದಾಗ ಈ ನಂಟು ಸಡಿಲವಾಯಿತು. ಚಾರ್ಲ್ಸ್ ಗೋವರ್ ಎಂಬಾತನು ೧೮೭೧ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳೆಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, ಭಾಷೆಗೊಂದು ಭಾಗದಂತೆ ಹಾಡುಗಳನ್ನು ಹಂಚಿದನು. ಆದರೆ ಕನ್ನಡದ ಭಾಗದಲ್ಲಿ ಅವನು ಹೆಚ್ಚಾಗಿ ಸೇರಿಸಿದ್ದು ಹರಿದಾಸರ ಪದಗಳನ್ನು. ಅಂಕಿತವಿರುವ, ಕರ್ತೃವಿನ ಹೆಸರು ತಿಳಿದಿರುವ ಕೃತಿಗಳು ಹೀಗೆ ಜನಪದ ಗೀತೆಗಳೆನಿಸಿದುವು. ರಾಗಿ ಬೀಸುವ ತಾಯಂದಿರ ಪದಗಳಾದರೋ ಹೊರಗೇ ಉಳಿದುವು. ಗೋವರನ ಶ್ರಮವು ದೊಡ್ಡದು. ಆದರೂ ಅವನ ಪುಸ್ತಕವನ್ನೇ ನಂಬಿದ ದೂರದ ಓದುಗನಿಗೆ ಕನ್ನಡದ ಹಳ್ಳಿಯ ದನಿಯು ಕೇಳಿಸುವಂತಿರಲಿಲ್ಲ.

ಈ ಕೊರತೆಯನ್ನು ತುಂಬಿದವರು ನಮ್ಮವರೇ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನೂ, ೧೯೩೩ರಲ್ಲಿ ಅರ್ಚಕ ಬಿ. ರಂಗಸ್ವಾಮಿಯವರು ‘ಹುಟ್ಟಿದ ಹಳ್ಳಿ’ ಎಂಬ ಗ್ರಂಥವನ್ನೂ ಹೊರತಂದರು. ಇವುಗಳ ಉಪಕಾರವು ಸಾಮಾನ್ಯವಾದುದಲ್ಲ. ಆದರೆ ಅಚ್ಚಿನ ಪುಟದಲ್ಲಿ ಮಾತು ನಿಲ್ಲುವುದು, ಧಾಟಿ ನಿಲ್ಲದು. ಒಂದೇ ತ್ರಿಪದಿಯನ್ನು ಬೀಸುವ ಕಲ್ಲಿನ ಮುಂದೆ ಒಂದು ಬಗೆಯಲ್ಲಿ, ತೊಟ್ಟಿಲ ಬಳಿಯಲ್ಲಿ ಮತ್ತೊಂದು ಬಗೆಯಲ್ಲಿ ಹಾಡಬಹುದು. ಛಂದಸ್ಸನ್ನು ನೋಡಿದರೆ ಎರಡೂ ಒಂದೇ, ಸಂದರ್ಭವನ್ನು ನೋಡಿದರೆ ಎರಡೂ ಬೇರೆ.

ಧ್ವನಿಮುದ್ರಣ ಯಂತ್ರವು ಬಂದ ಮೇಲೆ ಧಾಟಿಯೂ ಉಳಿಯುವಂತಾಯಿತು. ಅದನ್ನು ಹಿಡಿದು ಹಳ್ಳಿಹಳ್ಳಿಗೆ ಹೋದವರಲ್ಲಿ ಎಚ್. ಎಲ್. ನಾಗೇಗೌಡರು (೧೯೧೫–೨೦೦೫) ಪ್ರಮುಖರು. ಸರಕಾರದ ದೊಡ್ಡ ಅಧಿಕಾರಿಯಾಗಿದ್ದ ಅವರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ೧೯೯೪ರಲ್ಲಿ ರಾಮನಗರದ ಹತ್ತಿರ, ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಹದಿನೈದು ಎಕರೆಯ ‘ಜಾನಪದ ಲೋಕ’ವು ಆರಂಭವಾಯಿತು. ಅಲ್ಲಿ ಬೀಸುವ ಕಲ್ಲು, ಒನಕೆ, ನೇಗಿಲು, ವಾದ್ಯಗಳು ಹಾಡಿನ ಜೊತೆಗೆ ಒಂದೇ ಆವರಣದಲ್ಲಿ ನೆಲೆಸಿವೆ. ಒನಕೆಯನ್ನು ಕಂಡವನಿಗೆ ಕುಟ್ಟುವ ಪದದ ಲಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಮನೆಗಳಲ್ಲಿಯಾದರೋ ಕ್ಯಾಸೆಟ್ಟಿನ ಕಾಲವು ಬೇರೆ ತೊಡಕನ್ನು ತಂದಿತು. ಶಿಶುನಾಳ ಶರೀಫರ (೧೮೧೯–೧೮೮೯) ಪದಗಳನ್ನು ತೆಗೆದುಕೊಳ್ಳಿರಿ. ಗುರುಮಾರ್ಗದ ಭಜನೆಯಲ್ಲಿ ಅವು ತತ್ತ್ವಪದಗಳು. ಸಿ. ಅಶ್ವಥ್ ಅವರು ಹಾಡಿ ನಾಡಿಗೆಲ್ಲ ಹರಡಿದಾಗ ಅವೇ ಸುಗಮ ಸಂಗೀತವಾದುವು. ಅಂಗಡಿಯವನ ಕಪಾಟಿನಲ್ಲಿ ಅವು ಜಾನಪದ. ಮೂರು ಹೆಸರುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದು ಪದದ ಹುಟ್ಟನ್ನು, ಒಂದು ಗಾಯನವನ್ನು, ಒಂದು ಮಾರಾಟವನ್ನು ತಿಳಿಸುತ್ತವೆ. ಗೋವರನು ಎದುರಿಸಿದ ತೊಡಕೇ ನೂರು ವರ್ಷಗಳಾಚೆ ನಮ್ಮ ನಡುಮನೆಗೆ ಬಂದಿತೆನ್ನಬಹುದು.

ಇದರಿಂದ ವಿದಿತವಾಗುವುದೇನೆಂದರೆ, ಪ್ರಕಾರವೆಂಬುದು ಒಂದು ಅಭಿಪ್ರಾಯ. ಅದನ್ನು ಮುಂದಿನವರು ತಿದ್ದಬಹುದು. ಹಾಡಿದವರ ಹೆಸರು, ಊರು, ದಿನ, ಸಂದರ್ಭ ಇವು ಸಂಗತಿಗಳು. ಇವು ಒಮ್ಮೆ ಕಳೆದರೆ ಎಂತಹ ಪಂಡಿತನೂ ಮರಳಿ ತರಲಾರನು. ಆದುದರಿಂದ ಸಂಗ್ರಹವನ್ನು ಅಣಿಗೊಳಿಸುವವರು ಮೊದಲು ಸಂಗತಿಗಳನ್ನು ಬರೆದುಕೊಳ್ಳಬೇಕು. ಬಳಿಕ ಹಾಡುವವರೇ ಹೇಳುವ ಹೆಸರನ್ನು, ಸೋಬಾನೆಯೋ ಸಾಲೋ ಪದವೋ, ಹಾಗೆಯೇ ಇಡಬೇಕು. ಕೊನೆಯಲ್ಲಿ ವಿದ್ವಾಂಸರ ವರ್ಗವನ್ನೂ ಒಳವರ್ಗವನ್ನೂ ಸೇರಿಸಲಿ. ಒಂದು ಹಾಡು ಎರಡು ಕಡೆ ಸಲ್ಲುವುದಾದರೆ ಎರಡು ಕಡೆಯೂ ಸೂಚಿಸುವುದಕ್ಕೆ ಗಣಕಯಂತ್ರದಲ್ಲಿ ಅಡ್ಡಿಯಿಲ್ಲ.

ವಿಳಂಬವು ಸಲ್ಲದು. ಮುದ್ರಣದ ಪಟ್ಟಿಯ ಮೇಲಿನ ಲೇಪವು ತೇವಕ್ಕೆ ಸಡಿಲಿ ಉದುರುವುದು. ಅದಕ್ಕಿಂತಲೂ ಬೇಗ ಸವೆಯುವುದು, ‘ಈ ದನಿ ನಮ್ಮ ಸೋದರತ್ತೆಯದು, ಈ ಪದವನ್ನು ಹಸೆಗೆ ಕರೆಯುವಾಗ ಹಾಡುತ್ತಿದ್ದರು’ ಎಂದು ಗುರುತಿಸಬಲ್ಲ ಹಿರಿಯರ ನೆನಪು. ಅವರು ಮನೆಯಲ್ಲಿರುವಾಗಲೇ ಪೆಟ್ಟಿಗೆಯನ್ನು ತೆರೆದು, ಅವರ ಪಕ್ಕದಲ್ಲಿ ಕುಳಿತು, ಒಂದೊಂದಾಗಿ ಕೇಳಿ ಬರೆದುಕೊಳ್ಳುವುದು ವಿದ್ಯಾವಂತರಾದ ಗೃಹಸ್ಥರ ಕರ್ತವ್ಯವಾಗಿದೆ.