ರೋಗಿಯೇ ಅಳತೆಗೋಲು: ಯೆಹೂದಿ ಧರ್ಮಶಾಸ್ತ್ರದಲ್ಲಿ ರೋಗಿಶುಶ್ರೂಷೆಯ ವಿಧಿಗಳು

ರೋಗಿಯನ್ನು ಕಾಣಹೋಗಿ ಆರೈಕೆ ಮಾಡುವ ಕರ್ತವ್ಯವನ್ನು ಯೆಹೂದಿ ಧರ್ಮಶಾಸ್ತ್ರ ‘ಬಿಕ್ಕೂರ್ ಖೋಲಿಮ್’ ಎನ್ನುತ್ತದೆ. ಇದನ್ನು ಬರಿಯ ಕರುಣೆಯೆಂದು ಓದಿದರೆ, ಶಾಸ್ತ್ರಕಾರರು ಇದಕ್ಕೆ ಹಾಕಿದ ಕಟ್ಟುಪಾಡುಗಳು ವಿಚಿತ್ರವಾಗಿ ತೋರುತ್ತವೆ. ಹೋಗಬೇಕೆಂಬ ವಿಧಿಗೂ ಹೋಗಬಾರದೆಂಬ ನಿಷೇಧಕ್ಕೂ ರೋಗಿಯ ಅಗತ್ಯವೇ ಆಧಾರ ಎಂಬುದು ಈ ಲೇಖನದ ವಾದ.

ಮುಖ್ಯ ಆಕರ ಯೆಹೂದಿ ಶಾಸ್ತ್ರಚರ್ಚೆಗಳ ಸಂಗ್ರಹವಾದ ಬ್ಯಾಬಿಲೋನಿಯದ ತಾಲ್ಮುದ್‌ನ ‘ನೆದಾರಿಮ್’ ಸಂಪುಟ. ಭೇಟಿಗೆ ಬಂದವನು ರೋಗದ ಅರವತ್ತರಲ್ಲೊಂದು ಪಾಲನ್ನು ಕಳೆಯುತ್ತಾನೆ ಎಂಬ ಮಾತು ಅಲ್ಲಿದೆ. ಹಾಗಾದರೆ ಅರವತ್ತು ಮಂದಿ ಹೋದರೆ ರೋಗ ವಾಸಿಯಾಗಬೇಕಲ್ಲ ಎಂಬ ಆಕ್ಷೇಪವೂ ಏಳುತ್ತದೆ. ಪ್ರತಿಯೊಬ್ಬನೂ ಕಳೆಯುವುದು ಉಳಿದದ್ದರ ಅರವತ್ತನೇ ಪಾಲನ್ನಷ್ಟೆ ಎಂಬುದು ಸಮಾಧಾನ. ಈ ಲೆಕ್ಕದಲ್ಲಿ ರೋಗ ಎಂದೂ ಸೊನ್ನೆಗಿಳಿಯದು. ಭೇಟಿಯ ಫಲಕ್ಕೆ ಪಠ್ಯವೇ ಮಿತಿ ಹಾಕಿದೆ. ಚಿಕಿತ್ಸೆಗೆ ವೈದ್ಯನಿದ್ದಾನೆ, ಅವನಿಗೆ ಗುಣಪಡಿಸುವ ಅನುಮತಿ ಉಂಟೆಂದು ‘ಬಾವಾ ಕಮ್ಮಾ’ ಸಂಪುಟ ಸ್ಪಷ್ಟಪಡಿಸುತ್ತದೆ.

ಹಾಗಿದ್ದರೆ ಬಂದವರು ಮಾಡಬೇಕಾದುದೇನು? ವಿದ್ವಾಂಸರಾರೂ ಕಾಣಲು ಬಾರದಿದ್ದ ಶಿಷ್ಯನೊಬ್ಬನ ಮನೆಗೆ ರಬ್ಬಿ (ಧರ್ಮಗುರು) ಅಕಿವಾ ಹೋದ ಪ್ರಸಂಗ ‘ನೆದಾರಿಮ್’ನಲ್ಲೇ ಬರುತ್ತದೆ. ನೆಲ ಗುಡಿಸಿ ನೀರು ಚಿಮುಕಿಸಿದ್ದರಿಂದ ಶಿಷ್ಯ ಚೇತರಿಸಿಕೊಂಡ. ಅಲ್ಲಿ ಎದ್ದುಕಾಣುವುದು ಉಪದೇಶವಲ್ಲ, ಕಸಪೊರಕೆಯ ಕೆಲಸ.

ಯೋಸೆಫ್ ಕಾರೋ 16ನೆಯ ಶತಮಾನದಲ್ಲಿ ರಚಿಸಿದ ‘ಷುಲ್ಖಾನ್ ಆರೂಖ್’ ಸಂಹಿತೆ ಇದನ್ನು ನಿಯಮವಾಗಿಸಿತು. ಬಂಧುಮಿತ್ರರು ಕೂಡಲೇ ಹೋಗಬೇಕು, ದೂರದವರು ಮೂರು ದಿನಗಳ ಬಳಿಕ. ಹೊಟ್ಟೆಯ ಬೇನೆ, ಕಣ್ಣುಬೇನೆ, ತಲೆನೋವಿನವರನ್ನೂ ಮಾತಾಡುವುದೇ ಕಷ್ಟವಾದವರನ್ನೂ ಎದುರಿಗೆ ಕಾಣಬಾರದು. ಹೊರಕೋಣೆಯಲ್ಲಿ ನಿಂತು ಗುಡಿಸಬೇಕೇ, ಏನಾದರೂ ಬೇಕೇ ಎಂದು ವಿಚಾರಿಸಿ ಪ್ರಾರ್ಥಿಸಬೇಕು. ಮುಖ ಕಾಣುವುದಷ್ಟೇ ಇಲ್ಲಿ ತಪ್ಪುತ್ತದೆ, ಸೇವೆ ತಪ್ಪುವುದಿಲ್ಲ.

ರೋಗಿಯ ಮಾತಿಗೆ ಪ್ರಮಾಣದ ಬೆಲೆಯೂ ಉಂಟು. ಪ್ರಾಯಶ್ಚಿತ್ತದ ಉಪವಾಸದಂದು ತನಗೆ ಊಟ ಬೇಕೇಬೇಕೆಂದು ಅವನು ಹೇಳಿದರೆ, ಬೇಡವೆಂದು ನೂರು ಮಂದಿ ಹೇಳಿದರೂ ಅವನ ಮಾತೇ ನಡೆಯಬೇಕೆಂಬ ಅಭಿಪ್ರಾಯ ‘ಯೋಮಾ’ ಸಂಪುಟದಲ್ಲಿದೆ. ‘ಬೆರಾಖೋತ್’ ಸಂಪುಟದಲ್ಲಿ ರಬ್ಬಿ ಯೋಹಾನಾನ್ ಕಾಯಿಲೆ ಬಿದ್ದಾಗ, ಈ ನೋವು ನಿನಗೆ ಪ್ರಿಯವೇ ಎಂದು ಕಾಣಲು ಬಂದವನು ಕೇಳುತ್ತಾನೆ. ನೋವೂ ಬೇಡ, ಅದರ ಪುಣ್ಯವೂ ಬೇಡ ಎನ್ನುತ್ತಾನೆ ಅವನು. ಬಂದವನು ವಾದಿಸುವುದಿಲ್ಲ, ಕೈ ಕೊಡೆಂದು ಕೇಳಿ, ಹಿಡಿದು ಎಬ್ಬಿಸುತ್ತಾನೆ. ನೋವನ್ನು ದೇವರ ಪ್ರೀತಿಯ ಗುರುತೆಂದು ವಿವರಿಸುವ ಚರ್ಚೆಯ ಬೆನ್ನಿಗೇ ಈ ಪ್ರಸಂಗವಿರುವುದು ಗಮನಾರ್ಹ. ಸಿದ್ಧಾಂತವನ್ನು ಯಾರೂ ಖಂಡಿಸಿಲ್ಲ. ಹಾಸಿಗೆಯ ಬಳಿಗೆ ಅದನ್ನು ತಂದಿಲ್ಲ, ಅಷ್ಟೆ.

ರೂಪ ಬದಲಾದರೂ ಕರ್ತವ್ಯ ತಪ್ಪದೆಂಬ ಹೊರಕೋಣೆಯ ತರ್ಕವೇ ಸಾಂಕ್ರಾಮಿಕದಲ್ಲೂ ನಡೆಯಿತು. 1831ರ ಕಾಲರಾ ಹಾವಳಿಯಲ್ಲಿ ಪೋಜನ್ ನಗರದ ರಬ್ಬಿ ಅಕಿವಾ ಐಗರ್, ಪ್ರಾರ್ಥನಾಮಂದಿರದಲ್ಲಿ ಗುಂಪುಗೂಡದೆ ಸಣ್ಣ ಸಣ್ಣ ತಂಡಗಳಲ್ಲಿ ಪ್ರಾರ್ಥಿಸಬೇಕೆಂದು ವಿಧಿಸಿದರು. ಜೀವರಕ್ಷಣೆಗಾಗಿ ವಾರದ ಪವಿತ್ರ ವಿಶ್ರಾಂತಿ ದಿನವಾದ ಸಬ್ಬತ್ತನ್ನೇ ಮುರಿಯಗೊಡುವ ಶಾಸ್ತ್ರದಲ್ಲಿ ಇದು ಧರ್ಮಕ್ಕೆ ಕೊಟ್ಟ ರಜೆಯಲ್ಲ, ಧರ್ಮಪಾಲನೆಯೇ.

20ನೆಯ ಶತಮಾನದಲ್ಲಿ ರಬ್ಬಿ ಮೋಶೆ ಫೈನ್‌ಸ್ಟೈನ್ ದೂರವಾಣಿಯ ಪ್ರಶ್ನೆಗೆ ಕೊಟ್ಟ ತೀರ್ಪೂ ಹೊರಕೋಣೆಯ ನಿಯಮಕ್ಕೆ ಹತ್ತಿರವಾದದ್ದು. ಫೋನಿನಲ್ಲಿ ವಿಚಾರಿಸಿದರೆ ಕರ್ತವ್ಯ ಪೂರ್ತಿ ಸಲ್ಲದು. ಆದರೆ ಹೋಗಲಾರದವನಿಗೆ ಅಷ್ಟನ್ನಾದರೂ ಮಾಡುವ ಹೊಣೆ ತಪ್ಪದು. ದೂರ ಅನಿವಾರ್ಯವಾದಾಗಲೂ ಈ ಶಾಸ್ತ್ರ ಕರ್ತವ್ಯದ ರೂಪವನ್ನು ಬದಲಿಸುತ್ತದೆಯೇ ಹೊರತು ಯಾರನ್ನೂ ಅದರಿಂದ ಬಿಡುಗಡೆ ಮಾಡುವುದಿಲ್ಲ.